ರೋಬೋ ಗ್ಯಾರೇಜು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಸ್ವಂತ ರೋಬೋ ಕಟ್ಟಿ ಆನ್‌ಲೈನಿನಲ್ಲಿ ಕಾದಾಡುವ ಆಟಗಳ ಬಗ್ಗೆ ಕಳೆದ ತಿಂಗಳು ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬಂದಾವು ಎಂದುಕೊಂಡಿರಲಿಲ್ಲ. ಹಾಗಾಗಿ ಪಂಪ್‌ಸೆಟ್ಟು, ಮಿಕ್ಸಿ, ಲೇತ್ ಮಷಿನ್ನಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು ಈ ಸಲದ ಅಂಕಣ ಪೂರ್ತಿ ರೋಬೋಗಳಿಗೇ ಬಿಟ್ಟಿದ್ದೇನೆ. ಹೊಸ ಓದುಗರಿಗಾಗಿ ಹೇಳುತ್ತೇನೆ: ನಾನು ಐಟಿಐನಲ್ಲಿ 26 ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನು. 2015ರಲ್ಲಿ ಮಗಳು ಪಿಯುಸಿ ಓದುತ್ತಿದ್ದಾಗ ಅವಳ ಕಂಪ್ಯೂಟರಿನಲ್ಲಿ ರೋಬೋಕ್ರಾಫ್ಟ್ ಎಂಬ ಅಂಥದೇ ಒಂದು ಆಟ ಕಂಡೆ. ಪರೀಕ್ಷೆ ಹತ್ತಿರ ಬಂತೆಂದು ಅವಳು ಬಿಟ್ಟಳು, ನಾನು ಹಿಡಿದೆ.

ಪ್ರಶ್ನೆ: ಮೇಷ್ಟ್ರೇ, ನಮ್ಮಣ್ಣ ಯಾವಾಗಲೂ ರೋಬೋಕ್ರಾಫ್ಟ್ ಅಂದ್ರೆ ಹಾಗಿತ್ತು, ಹೀಗಿತ್ತು ಅಂತ ಹೇಳ್ತಾನೆ. ಆಡೋಣ ಅಂತ ಹುಡುಕಿದರೆ ಸರ್ವರ್ ಇಲ್ಲ ಅನ್ನುತ್ತೆ. ಅದು ಏನಾಯಿತು? ಅಷ್ಟು ವಿಶೇಷ ಏನಿತ್ತು ಅದರಲ್ಲಿ?
— ಪಿಯುಸಿ ವಿದ್ಯಾರ್ಥಿ, ಶಿರಸಿ

ನಿಮ್ಮಣ್ಣ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಊರಿನಲ್ಲಿ ಫ್ರೀಜ್ಯಾಮ್ ಎಂಬ ಸಣ್ಣ ಸ್ಟುಡಿಯೋ ಇತ್ತು. ರೋಬೋಕ್ರಾಫ್ಟ್ ಅವರದು. 2014ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂತು, 2017ರ ಆಗಸ್ಟ್‌ನಲ್ಲಿ ಪೂರ್ಣ ಆವೃತ್ತಿಯಾಯಿತು. ಆಡಲು ದುಡ್ಡು ಬೇಕಿರಲಿಲ್ಲ. 2023ರಲ್ಲಿ ಎರಡನೆಯ ಭಾಗವನ್ನೂ ಜನರ ಕೈಗೆ ಕೊಟ್ಟರು. 2025ರ ಜನವರಿಯಲ್ಲಿ ಸ್ಟುಡಿಯೋ ಮುಚ್ಚುವ ಸುದ್ದಿ ಬಂತು, ಸರ್ವರುಗಳೂ ನಿಂತವು. ಎದುರಾಳಿ, ಜೊತೆಗಾರ, ಅಂಕ ಎಲ್ಲ ಸರ್ವರಿನ ಮೂಲಕವೇ ಬರುವ ಆಟ ಅದು. ಸರ್ವರು ನಿಂತ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಫೈಲು ಇದ್ದರೂ ಬಾಗಿಲು ತೆಗೆಯುವುದಿಲ್ಲ.

ವಿಶೇಷ ಏನಿತ್ತು ಅಂದರೆ, ಅಲ್ಲಿ ನಿಮಗೆ ಸಿದ್ಧ ವೀರನನ್ನು ಕೊಡುತ್ತಿರಲಿಲ್ಲ. ಖಾಲಿ ಗ್ಯಾರೇಜು, ಒಂದಿಷ್ಟು ಕ್ಯೂಬು, ಚಕ್ರ, ಬಂದೂಕು. ಚೌಕ ಕ್ಯೂಬು, ಓರೆ ಕತ್ತರಿಸಿದ ಕ್ಯೂಬು, ಮೂಲೆ ಕತ್ತರಿಸಿದ ಕ್ಯೂಬು. ಇವನ್ನು ಒಂದೊಂದಾಗಿ ಕೂರಿಸಿ ಮೈ ಕಟ್ಟಬೇಕು. ಪ್ರತಿಯೊಂದಕ್ಕೂ ಸಿಪಿಯು ಎಂಬ ಲೆಕ್ಕ. ಕೊನೆಕೊನೆಗೆ ಸಾಮಾನ್ಯ ರೋಬೋಗೆ 2,000 ಸಿಪಿಯು ಮಿತಿ ಇತ್ತು, ಅದನ್ನು ಮೀರಿದ್ದು ಮೆಗಾಬಾಟ್. ದೊಡ್ಡ ಬಂದೂಕು ಬೇಕೆಂದರೆ ಕವಚ ಬಿಡಬೇಕು, ಕವಚ ಬೇಕೆಂದರೆ ಕಾಲು ಕಡಿಮೆ ಮಾಡಬೇಕು. ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಮತ್ತೆ ಯುದ್ಧದಲ್ಲಿ ನೀವು ಕಟ್ಟಿದ್ದು ಕಟ್ಟಿದ ಹಾಗೆಯೇ ಒಡೆಯುತ್ತಿತ್ತು. ಆರೋಗ್ಯದ ಪಟ್ಟಿ ಸುಮ್ಮನೆ ಇಳಿಯುವುದಲ್ಲ. ಎಡಗಡೆಗೆ ಪೆಟ್ಟು ಬಿದ್ದರೆ ಎಡಗಡೆಯ ಕ್ಯೂಬು ಉದುರಿ, ಅದನ್ನು ಹಿಡಿದಿದ್ದ ಚಕ್ರ ಹೋಗಿ, ಗಾಡಿ ಎಡಕ್ಕೆ ವಾಲುತ್ತಿತ್ತು. ನಿಮ್ಮ ತಪ್ಪು ಎಲ್ಲಿದೆ ಎಂದು ಎದುರಾಳಿಯೇ ತೋರಿಸಿ ಹೋಗುತ್ತಿದ್ದ. ಮೊದಮೊದಲು ಇನ್ನೂ ಕಠಿಣ: ಪೈಲಟ್ ಸೀಟು ಒಡೆದರೆ ರೋಬೋ ಸತ್ತಂತೆ. ಎಲ್ಲರೂ ಅದನ್ನು ಹಲಸಿನ ಹಣ್ಣಿನೊಳಗೆ ಬೀಜ ಅಡಗಿಸಿದಂತೆ ನಡುಮೈಯಲ್ಲಿ ಹುದುಗಿಸುತ್ತಿದ್ದರು. ಆಮೇಲೆ ಆ ನಿಯಮ ತೆಗೆದರು. ನನಗೆ ಹಳೆಯದೇ ಹೆಚ್ಚು ಇಷ್ಟವಾಗಿತ್ತು, ಯಾಕೆಂದರೆ ಏನನ್ನು ಕಾಪಾಡಬೇಕು ಎಂಬ ಪ್ರಶ್ನೆಗೆ ಅಲ್ಲಿ ಒಂದೇ ಉತ್ತರ.

ಈಗ ಆಡಬೇಕೆಂದರೆ ಕ್ರಾಸ್‌ಔಟ್ ಇದೆ. ಅದೂ 2017ರದ್ದು, ಯುದ್ಧದ ಗಾಡಿ ಕಟ್ಟುವ ಆಟ. ಲಂಡನ್ನಿನ ಪೇಲೋಡ್ ಸ್ಟುಡಿಯೋಸ್‌ನ ಟೆರಾಟೆಕ್ ಇದೆ. ಯುದ್ಧಕ್ಕಿಂತ ಯಂತ್ರ ಕಟ್ಟುವುದೇ ಮುಖ್ಯವೆನ್ನುವವರಿಗೆ ಬೀಸೀಜ್ ಇದೆ. ರೋಬೋಕ್ರಾಫ್ಟಿನ ರುಚಿ ಇವುಗಳಲ್ಲಿ ಅರ್ಧರ್ಧ ಸಿಗುತ್ತದೆ.

ಪ್ರಶ್ನೆ: ಸರ್, ಕ್ರಾಸ್‌ಔಟ್ ಆಡ್ತೀನಿ. ನನ್ನ ಗಾಡಿ ಎರಡನೇ ಪೆಟ್ಟಿಗೇ ಮುಂಭಾಗ ಪೂರ್ತಿ ಕಳಚಿ ಬೀಳುತ್ತೆ. ಇರೋ ಕವಚ ಎಲ್ಲ ಮುಂದೆಯೇ ಹಾಕಿದ್ದೀನಿ. ಚಿತ್ರ ಲಗತ್ತಿಸಿದ್ದೀನಿ, ಇನ್ನೂ ದಪ್ಪ ಹಾಕಬೇಕಾ?
— ಡಿಪ್ಲೊಮಾ ವಿದ್ಯಾರ್ಥಿ, ಚಿಕ್ಕಮಗಳೂರು

ದಪ್ಪ ಹಾಕಬೇಡ, ತಮ್ಮಾ. ನಿನ್ನ ಚಿತ್ರವನ್ನು ಭೂತಗನ್ನಡಿ ಇಟ್ಟು ನೋಡಿದೆ. ಮುಂದಿನ ಎರಡು ಚಕ್ರ, ಮೂರು ಮಷಿನ್ ಗನ್ನು, ಏಳು ಕವಚದ ತಗಡು, ಇಷ್ಟೂ ಒಂದೇ ಒಂದು ಉದ್ದನೆಯ ಫ್ರೇಮಿಗೆ ನೇತುಬಿದ್ದಿವೆ. ಆ ಫ್ರೇಮು ಕ್ಯಾಬಿನ್ನಿನ ಕೆಳಗೆ ಒಂದೇ ಕಡೆ ಕಚ್ಚಿಕೊಂಡಿದೆ. ಎದುರಾಳಿ ನಿನ್ನ ಏಳು ತಗಡು ಒಡೆಯುವ ಕಷ್ಟವನ್ನೇ ತೆಗೆದುಕೊಳ್ಳುತ್ತಿಲ್ಲ. ಕೆಳಗಿಂದ ಆ ಫ್ರೇಮಿಗೆ ಗುರಿ ಇಡುತ್ತಾನೆ. ಅದು ಹೋದರೆ ಅದಕ್ಕೆ ಅಂಟಿದ್ದೆಲ್ಲ ಹೋಗುತ್ತದೆ, ಒಂದು ಗೀರೂ ಬೀಳದ ಹೊಸ ತಗಡು ಸಮೇತ.

ನಾನು ಹುಡುಗರಿಗೆ ಹೇಳಿಕೊಡುವ ಕ್ರಮ ಇದು. ಒಂದು ಹಾಳೆ ತಗೊ. ಗಾಡಿಯ ಪ್ರತಿ ಭಾಗಕ್ಕೆ ಒಂದೊಂದು ಚುಕ್ಕಿ ಇಡು. ಯಾವುದು ಯಾವುದಕ್ಕೆ ನಿಜವಾಗಿ ಅಂಟಿದೆಯೋ ಆ ಚುಕ್ಕಿಗಳ ನಡುವೆ ಮಾತ್ರ ಗೆರೆ ಎಳೆ. ಪಕ್ಕಪಕ್ಕ ಇದ್ದ ಮಾತ್ರಕ್ಕೆ ಗೆರೆ ಎಳೆಯಬಾರದು, ಕಚ್ಚಿಕೊಂಡಿರಬೇಕು. ಚುಕ್ಕಿ ರಂಗೋಲಿಯಂಥ ಒಂದು ಚಿತ್ರ ಬರುತ್ತದೆ. ಈಗ ಒಂದು ಚುಕ್ಕಿಯನ್ನು ಬೆರಳಿಂದ ಮುಚ್ಚು. ಕ್ಯಾಬಿನ್ನಿನ ಚುಕ್ಕಿಯಿಂದ ಹೊರಟು, ಗೆರೆ ಬಿಡದೆ, ಮಿಕ್ಕ ಎಲ್ಲ ಚುಕ್ಕಿಗೂ ಹೋಗಲು ದಾರಿ ಇದೆಯೇ ನೋಡು. ಯಾವ ಚುಕ್ಕಿ ಮುಚ್ಚಿದಾಗ ಅರ್ಧ ರಂಗೋಲಿ ಕಡಿದುಹೋಗುತ್ತದೋ ಅದೇ ನಿನ್ನ ಗಾಡಿಯ ಕತ್ತು. ಅಲ್ಲಿಗೆ ಎರಡನೆಯ ದಾರಿ ಕಟ್ಟು. ನಿನ್ನ ಗಾಡಿಗೆ ಲೆಕ್ಕ ಹಾಕಿದೆ: ಮುಂದಿನ ಎರಡು ತಗಡು ತೆಗೆದು, ಅದೇ ತೂಕದಲ್ಲಿ ಎಡ-ಬಲಕ್ಕೆ ಒಂದೊಂದು ಸಣ್ಣ ಫ್ರೇಮು ಕೊಟ್ಟು, ಅವನ್ನು ಹಿಂದಿನ ಚಾಸಿಗೆ ನೇರ ಕಚ್ಚಿಸಿದರೆ ಸಾಕು.

ರೋಬೋಕ್ರಾಫ್ಟಿನವರು ಈ ವಿದ್ಯೆಯನ್ನು ಬಹಳ ಮುಂದಕ್ಕೆ ಒಯ್ದಿದ್ದರು. ಅದಕ್ಕೆ ಟ್ರೈಫೋರ್ಸಿಂಗ್ ಎಂದು ಆಟಗಾರರೇ ಹೆಸರಿಟ್ಟಿದ್ದರು. ಅಲ್ಲಿನ ನಿಯಮ ಹೀಗೆ: ಗುಂಡು ಒಂದು ಕ್ಯೂಬು ಒಡೆದ ಮೇಲೆ ಮಿಕ್ಕ ಪೆಟ್ಟು ಅಂಟಿಕೊಂಡ ಪಕ್ಕದ ಕ್ಯೂಬಿಗೆ ಹರಿಯುತ್ತದೆ, ಅಲ್ಲಿಂದ ಮುಂದಿನದಕ್ಕೆ. ಗೋಡೆಯಂತೆ ಒತ್ತಾಗಿ ಕ್ಯೂಬು ಜೋಡಿಸಿದವನು ಪೆಟ್ಟಿಗೆ ರಾಜಬೀದಿ ಕಟ್ಟಿಕೊಟ್ಟಂತೆ. ತರಕಾರಿ ಮಡಿಗೆ ನೀರು ಹಾಯಿಸಿದವರಿಗೆ ಇದು ತಟ್ಟನೆ ತಿಳಿಯುತ್ತದೆ. ಕಾಲುವೆಯ ನೀರು ಮಡಿಯ ಬಾಯಿ ತೆರೆದ ಕಡೆ ನುಗ್ಗುತ್ತದೆ. ಬಾಯಿ ಕಟ್ಟಿದರೆ ಅದೇ ಮಡಿಯಲ್ಲಿ ನಿಲ್ಲುತ್ತದೆ, ಪಕ್ಕದ ಮಡಿ ಒಣಗಿಯೇ ಇರುತ್ತದೆ. ಹಾಗೆ ಕವಚವನ್ನು ತ್ರಿಕೋನದ ಪದರುಗಳಾಗಿ ಕಟ್ಟಿ, ಪದರಿನಿಂದ ಪದರಿಗೆ ಮೂಲೆಗಳಲ್ಲಿ ಮಾತ್ರ ಕೊಂಡಿ ಕೊಟ್ಟು, ನಡುವೆ ಸಂದು ಬಿಡುತ್ತಿದ್ದರು. ಒಂದು ಪದರು ಪೂರ್ತಿ ಪುಡಿಯಾದರೂ ಪೆಟ್ಟು ಒಳಗೆ ಇಳಿಯುತ್ತಿರಲಿಲ್ಲ. ಒಂದು ಮೂಲೆ ಹೋದರೂ ಮಿಕ್ಕ ಮೂಲೆಗಳು ಹಿಡಿದಿರುತ್ತಿದ್ದವು. ನೋಡಿದರೆ ತೂತು ತೂತು, ಆದರೆ ಗಟ್ಟಿ ಗೋಡೆಗಿಂತ ಹೆಚ್ಚು ಹೊತ್ತು ಬಾಳುತ್ತಿತ್ತು.

ನಾನು ಅದನ್ನು ಮೊದಲ ಸಲ ಗ್ರಾಫ್ ಪುಸ್ತಕದಲ್ಲಿ ಬರೆದು ಕಲಿತೆ. ಒಂದು ಪುಟಕ್ಕೆ ಒಂದು ಅಂತಸ್ತು. ಕೆಳಗಿನ ಅಂತಸ್ತು ಮೊದಲ ಪುಟ, ಅದರ ಮೇಲಿನದು ಎರಡನೆಯ ಪುಟ. ಪುಟ ತಿರುವುತ್ತಾ ಹೋದರೆ ರೋಬೋ ಮೇಲೇಳುತ್ತದೆ. ಕೊಂಡಿ ಇರುವ ಚೌಕಕ್ಕೆ ಕೆಂಪು ಪೆನ್ಸಿಲು. ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಕೂತು ಹನ್ನೊಂದು ಅಂತಸ್ತು ಬರೆದೆ. ಅವತ್ತು ರಾತ್ರಿ ಆಡಿದ ಯುದ್ಧದಲ್ಲಿ ಬಲಗಡೆಯ ಕವಚ ಅರ್ಧ ಹೋದರೂ ಬಂದೂಕುಗಳೆಲ್ಲ ಉಳಿದಿದ್ದವು. ಅವತ್ತಿನ ಸಂತೋಷ ನನಗೆ ಇವತ್ತಿಗೂ ಹಾಗೇ ಇದೆ.

ಒಂದು ಎಚ್ಚರಿಕೆ. ಕ್ರಾಸ್‌ಔಟಿನ ಲೆಕ್ಕ ಬೇರೆ. ಅಲ್ಲಿ ಕ್ಯಾಬಿನ್ನಿನ ಜೀವ ಹೋದರೆ ಗಾಡಿಯೂ ಹೋಯಿತು, ಸುತ್ತಲಿನದು ಎಷ್ಟೇ ಉಳಿದಿರಲಿ. ಜೊತೆಗೆ ಜನರೇಟರು, ಮದ್ದುಗುಂಡಿನ ಪೆಟ್ಟಿಗೆ, ಇಂಧನದ ಪೀಪಾಯಿ ಒಡೆದಾಗ ಸಿಡಿಯುತ್ತವೆ. ನಿನ್ನ ಚಿತ್ರದಲ್ಲಿ ಜನರೇಟರು ಕ್ಯಾಬಿನ್ನಿನ ಬೆನ್ನಿಗೇ ಒರಗಿದೆ. ಅದನ್ನು ಇವತ್ತೇ ದೂರ ಸರಿಸು.

ಪ್ರಶ್ನೆ: ಬಂದೂಕು ಎಲ್ಲಿ ಕೂರಿಸಿದರೆ ಒಳ್ಳೆಯದು? ಮೇಲೆಯೋ, ಪಕ್ಕಕ್ಕೋ?
— ಬೇಕರಿ ಕೆಲಸಗಾರ, ಹಾಸನ

ಮೇಲೆ. ದಿಣ್ಣೆಯ ಹಿಂದೆ ನಿಂತಾಗ ಬಂದೂಕು ಮಾತ್ರ ಇಣುಕಿ, ಮೈ ಮರೆಯಲ್ಲಿರಬೇಕು. ಎತ್ತರಕ್ಕೆ ಹೋದಷ್ಟು ತಿರುವಿನಲ್ಲಿ ಗಾಡಿ ಮಗುಚುತ್ತದೆ, ಆದ್ದರಿಂದ ಭಾರವಾದ ಬೇರೆ ಸಾಮಾನೆಲ್ಲ ತಳದಲ್ಲಿರಲಿ. ಎಲ್ಲ ಬಂದೂಕನ್ನೂ ಒಂದೇ ಗೋಪುರದ ಮೇಲೆ ಕೂರಿಸಬೇಡಿ, ಮೂರು ಕಡೆ ಹಂಚಿ. ಕೂರಿಸಿದ ಮೇಲೆ ಗ್ಯಾರೇಜಿನ ಟೆಸ್ಟ್‌ಗೆ ಹೋಗಿ ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಸ್ವಂತ ಮೈಯೇ ಅಡ್ಡ ಬಂದು ಒಂದು ಬಂದೂಕು ಸುಮ್ಮನೆ ಕೂತಿರುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ಪ್ರಶ್ನೆ: ನಮ್ಮೂರಲ್ಲಿ ನೆಟ್ ನಿಧಾನ, ಪಿಂಗ್ 200 ದಾಟುತ್ತೆ. ನಾವು ಇಂಥ ಆಟ ಆಡೋದೇ ದಂಡವಾ?
— ಅಡಿಕೆ ಬೆಳೆಗಾರ, ಹೊಸನಗರ

ದಂಡವಲ್ಲ. ಆದರೆ ಆ 200ನ್ನು ಲೆಕ್ಕಕ್ಕೆ ಹಿಡಿದು ರೋಬೋ ಕಟ್ಟಬೇಕು. 200 ಮಿಲಿಸೆಕೆಂಡ್ ಅಂದರೆ ನಿಮ್ಮ ಸುದ್ದಿ ಸರ್ವರಿಗೆ ಹೋಗಿ ಉತ್ತರ ವಾಪಸು ಬರುವ ಹೊತ್ತು, ಸೆಕೆಂಡಿನ ಐದನೇ ಒಂದು ಪಾಲು. ಸೆಕೆಂಡಿಗೆ 20 ಮೀಟರ್ ಓಡುವ ಎದುರಾಳಿ ಅಷ್ಟರಲ್ಲಿ 4 ಮೀಟರ್ ಮುಂದೆ ಹೋಗಿರುತ್ತಾನೆ. ದೂರದಿಂದ ಒಂದೇ ಗುಂಡಿನಲ್ಲಿ ಹೊಡೆಯುವ ರೇಲ್ ಗನ್ ನಂಬಿಕೊಂಡರೆ ಬೇಸರವೇ ಗತಿ. ಬಿದ್ದ ಕಡೆ ಸುತ್ತಲೂ ಸಿಡಿಯುವ ಆಯುಧ ಇಟ್ಟುಕೊಳ್ಳಿ, ರೋಬೋಕ್ರಾಫ್ಟಿನಲ್ಲಿ ಪ್ಲಾಸ್ಮಾ ಅಂಥದು. ಇಲ್ಲವೇ ಜೊತೆಗಾರರನ್ನು ರಿಪೇರಿ ಮಾಡುವ ಪಾತ್ರ ಹಿಡಿಯಿರಿ. ನಾನು ಆಡಿದ ವರ್ಷಗಳಲ್ಲಿ ನನ್ನ ಪಿಂಗ್ 150ಕ್ಕಿಂತ ಕೆಳಗಿಳಿದ ದಿನಗಳು ಕಡಿಮೆ. ವೈಫೈ ಬಿಟ್ಟು ರೂಟರಿನಿಂದ ಕಂಪ್ಯೂಟರಿಗೆ ತಂತಿ ಎಳೆದ ಮೇಲೆ ಪಿಂಗ್ ಹೆಚ್ಚೇನೂ ಇಳಿಯಲಿಲ್ಲ, ಆದರೆ ಏರಿಳಿತ ನಿಂತಿತು. ಒಂದೇ ಸಮನೆ ತಡವಾದರೆ ಕೈ ಹೊಂದಿಕೊಳ್ಳುತ್ತದೆ. ಒಮ್ಮೆ 120, ಒಮ್ಮೆ 400 ಆದರೆ ಯಾವ ಕೈಯೂ ಹೊಂದಿಕೊಳ್ಳುವುದಿಲ್ಲ.

ಪ್ರಶ್ನೆ: ನಾನು ಅಣ್ಣ ಮತ್ತು ಅವನ ಗೆಳೆಯರ ಜೊತೆ ಆಡ್ತೀನಿ. "ನಿನಗೆ ಹೊಡೆಯೋಕೆ ಬರಲ್ಲ, ನೀನು ರಿಪೇರಿ ರೋಬೋ ಆಗು" ಅಂತ ಪ್ರತಿ ಸಲ ಅದನ್ನೇ ಕೊಡ್ತಾರೆ. ನನಗೆ ಆ ಕೆಲಸ ನಿಜವಾಗಲೂ ಇಷ್ಟ, ಆದರೆ ಅವರು ಹೇಳುವ ರೀತಿ ಇಷ್ಟ ಇಲ್ಲ. ರಿಪೇರಿ ಕೆಲಸ ಕೀಳಾ ಮೇಷ್ಟ್ರೇ?
— 9ನೇ ತರಗತಿ ವಿದ್ಯಾರ್ಥಿನಿ, ತುಮಕೂರು

ಮಗಳೇ, ರೋಬೋಕ್ರಾಫ್ಟಿನಲ್ಲಿ ನನಗೆ ನಡೆದದ್ದೊಂದು ಹೇಳುತ್ತೇನೆ.

ಮಂಗಳ ಗ್ರಹದ ಕೆಂಪು ನೆಲದ ಮೇಲೆ ಯುದ್ಧ. ನನ್ನದು ಆರು ಚಕ್ರದ ಗಾಡಿ, ಅದಕ್ಕೆ ಹೋರಿ ಎಂದು ಹೆಸರಿಟ್ಟಿದ್ದೆ. ಎದುರಿನ ದಿಣ್ಣೆಯಿಂದ ಪ್ಲಾಸ್ಮಾ ಉಂಡೆಗಳು ಬಂದು ಎಡಗಡೆಗೆ ಬಿದ್ದವು. ಎಡಗಡೆಯ ಮೂರೂ ಚಕ್ರ ಹೋದವು, ಮೂತಿ ಹೋಯಿತು, ಐದು ಲೇಸರ್ ಬಂದೂಕಿನಲ್ಲಿ ಒಂದು ಉಳಿಯಿತು. ಮುಂದಕ್ಕೆ ಒತ್ತಿದರೆ ಬಲಗಡೆಯ ಚಕ್ರ ಮಾತ್ರ ತಿರುಗಿ, ಗಾಣದ ಎತ್ತಿನಂತೆ ನಿಂತಲ್ಲೇ ಸುತ್ತು ಹೊಡೆಯಿತು. ಮುಗಿಯಿತು ಅಂದುಕೊಂಡೆ. ಆಗ ಬಂಡೆಯ ಸಂದಿನಿಂದ ಹಸಿರು ಬಣ್ಣದ ಸಣ್ಣ ರೋಬೋ ಒಂದು ಬಂತು. ಯಾವ ದೇಶದವರೋ ತಿಳಿಯದು. ನನ್ನ ಮತ್ತು ಶತ್ರುವಿನ ನಡುವೆ ಬಂದು ನಿಲ್ಲಲಿಲ್ಲ, ನನ್ನ ಬಲಕ್ಕೆ, ನನ್ನ ಮೈಯ ಮರೆಯಲ್ಲಿ ನಿಂತಿತು. ನ್ಯಾನೋ ಕಿರಣ ತಾಗಿದ ಕೂಡಲೇ ಹೋರಿಯ ಕ್ಯೂಬುಗಳು ಒಂದೊಂದಾಗಿ ಮೂಡತೊಡಗಿದವು. ಮೊದಲು ಉಳಿದ ಮೈಗೆ ಅಂಟಿದ್ದು, ಆಮೇಲೆ ಅದಕ್ಕೆ ಅಂಟಿದ್ದು. ಫ್ರೇಮು ಬಂತು, ಫ್ರೇಮಿಗೆ ಚಕ್ರ ಬಂತು, ಬಂದೂಕು ಬಂತು. ಯುದ್ಧದಲ್ಲಿ ಕಳಚಿದ್ದೆಲ್ಲ ಹಿಂದುಮುಂದಾಗಿ ಕಟ್ಟಿಕೊಳ್ಳುವುದನ್ನು ನಾನು ಕೈ ಬಿಟ್ಟು ನೋಡುತ್ತಾ ಕೂತೆ. ಆಮೇಲೆ ಇಬ್ಬರೂ ಸೇರಿ ದಿಣ್ಣೆ ಹತ್ತಿದೆವು. ಥ್ಯಾಂಕ್ಸ್ ಎಂದು ಬರೆದೆ. ಒಂದು ನಗುಮುಖ ಬಂತು, ಅಷ್ಟೇ. ಅದು ಆಗಲೇ ಇನ್ನೊಬ್ಬನ ಕಡೆ ಓಡಿಯಾಗಿತ್ತು.

ಆ ರೋಬೋ ಕಟ್ಟಿದ ರೀತಿಯನ್ನು ನಾನು ಆಮೇಲೆ ಪುಸ್ತಕದಲ್ಲಿ ಬರೆದಿಟ್ಟೆ. ಕವಚವೆಲ್ಲ ಗುಂಡು ಬರುವ ಕಡೆಗೆ, ಬೆನ್ನು ಖಾಲಿ. ಚಕ್ರ ಬೇಕಾದ್ದಕ್ಕಿಂತ ಎರಡು ಹೆಚ್ಚು, ಒಂದೆರಡು ಹೋದರೂ ಓಡಲೇಬೇಕು ಎಂದು. ಮೈ ಗಿಡ್ಡ, ಯಾರ ಹಿಂದೆಯಾದರೂ ಅಡಗಲು. ಕಟ್ಟಿದವರು ತಾನು ಎಲ್ಲಿ ನಿಲ್ಲುತ್ತೇನೆ, ಯಾರು ಮೊದಲು ಬೀಳುತ್ತಾರೆ ಎಂದು ಯೋಚಿಸಿಯೇ ಕಟ್ಟಿದ್ದರು. ಹೊಡೆಯುವವನು ಒಬ್ಬ ಎದುರಾಳಿಯನ್ನು ನೋಡಿದರೆ ಸಾಕು, ರಿಪೇರಿಯವರು ಎರಡೂ ಪಡೆಯನ್ನು ನೋಡುತ್ತಿರಬೇಕು. ಆ ಕೆಲಸ ಕೀಳಲ್ಲ. ನಿನಗೆ ಇಷ್ಟವಿದ್ದರೆ ಹಿಡಿ, ಚೆನ್ನಾಗಿ ಹಿಡಿ. ಆದರೆ ನಾಲ್ಕು ಆಟದಲ್ಲಿ ಒಂದು ಆಟ ಬಂದೂಕು ನನಗೆ, ರಿಪೇರಿ ಅಣ್ಣನಿಗೆ ಎಂದು ಕೇಳು. ರಿಪೇರಿ ರೋಬೋ ಎಷ್ಟು ಕಷ್ಟವೆಂದು ಅವನಿಗೂ ತಿಳಿಯಲಿ. ಒಪ್ಪದಿದ್ದರೆ ಈ ಪುಟವನ್ನು ಅವನ ಮುಂದಿಡು, ಮೇಷ್ಟ್ರು ಹೇಳಿದ್ದು ಅನ್ನು.

ಪ್ರಶ್ನೆ: ನಮ್ಮ ಮಗನಿಗೆ 14 ವರ್ಷ. ಗಾಡಿ ಕಟ್ಟೋ ಆಟ ಅಂತ ರಾತ್ರಿ 12ರವರೆಗೂ ಕೂರ್ತಾನೆ. ಹೋದ ತಿಂಗಳು ನನ್ನ ಫೋನಿನಿಂದ 1,400 ರೂಪಾಯಿ ಹೋಗಿದೆ. ಇದು ಜೂಜಾ? ಸರ್ಕಾರ ಬಂದ್ ಮಾಡಿದ್ದು ಇದನ್ನೇನಾ? ಕಂಪ್ಯೂಟರ್ ಕಿತ್ತು ಇಟ್ಟುಬಿಡಲಾ?
— ಹೆಸರು ಬೇಡ ಎಂದ ತಾಯಿ, ದಾವಣಗೆರೆ

ಅಮ್ಮಾ, ನಿಮ್ಮ ಆತಂಕ ನ್ಯಾಯವಾದದ್ದು. ಮೂರೂ ಪ್ರಶ್ನೆಗೆ ಬೇರೆಬೇರೆಯಾಗಿ ಹೇಳುತ್ತೇನೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಕಟ್ಟಿ ಹಣ ಗೆಲ್ಲುವ ಆಸೆ ತೋರಿಸುವ ಆಟಗಳನ್ನು ನಿಷೇಧಿಸಿತು. ಗಾಡಿ ಕಟ್ಟಿ ಕಾದಾಡುವ ಆಟ ಆ ಜಾತಿಯದಲ್ಲ, ಗೆದ್ದರೆ ಹಣ ಕೊಡುವುದಿಲ್ಲ. ಆದರೆ ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಇಂಥ ಆಟಗಳಲ್ಲಿ ಬಣ್ಣ, ಹೊಸ ಬಂದೂಕು, ಬೇಗ ಮುಂದೆ ಹೋಗುವ ಅನುಕೂಲ ಇವಕ್ಕೆ ಹಣ ಕೇಳುತ್ತಾರೆ. ಕೆಲವದರಲ್ಲಿ ಒಳಗೆ ಏನಿದೆ ಎಂದು ತಿಳಿಯದ ಪೆಟ್ಟಿಗೆ ಕೊಳ್ಳುವುದೂ ಇರುತ್ತದೆ. ನನಗೆ ಆ ಪೆಟ್ಟಿಗೆಯನ್ನು ಕಂಡರೆ ಆಗುವುದಿಲ್ಲ. ಬೆಲ್ಜಿಯಂ ದೇಶ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳನ್ನು ಜೂಜೆಂದು ತೀರ್ಮಾನಿಸಿತು. ರೋಬೋಕ್ರಾಫ್ಟಿನಲ್ಲೂ ನಡುವೆ ಒಂದು ಕಾಲ ಯುದ್ಧ ಮುಗಿದ ಮೇಲೆ ಪೆಟ್ಟಿಗೆ ಬರುತ್ತಿತ್ತು. ಬೇಕಾದ ಬಂದೂಕಿಗಾಗಿ ಅದೃಷ್ಟ ಕಾಯುವುದು ಆಟಗಾರರಿಗೆ ಹಿಡಿಸಲಿಲ್ಲ. ಕೊನೆಗೆ ಅದನ್ನು ತೆಗೆದು, ಮೆಟ್ಟಿಲು ಮೆಟ್ಟಿಲಾಗಿ ಬಿಡಿಭಾಗ ಪಡೆಯುವ ಹಳೆಯ ಕ್ರಮಕ್ಕೇ ಮರಳಿದರು.

ಇವತ್ತೇ ಮಾಡಬೇಕಾದ್ದು: ಫೋನಿನ ಪೇಮೆಂಟ್ ಪಿನ್ ಬದಲಾಯಿಸಿ. ಆಟದ ಖಾತೆಯಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ. 1,400 ಯಾವುದಕ್ಕೆ ಹೋಯಿತು ಎಂದು ಮಗನನ್ನೇ ಕೂರಿಸಿಕೊಂಡು ಒಂದೊಂದಾಗಿ ಬರೆಸಿ. ಬೈಯುವುದಕ್ಕಲ್ಲ, ಲೆಕ್ಕಕ್ಕೆ. ಬಣ್ಣಕ್ಕೆ ಎಷ್ಟು, ಬಂದೂಕಿಗೆ ಎಷ್ಟು ಎಂದು ಅವನ ಕೈಯಲ್ಲೇ ಬರೆದಾಗ ಅವನಿಗೂ ಕಾಣುತ್ತದೆ.

ಕಂಪ್ಯೂಟರ್ ಕೀಳಬೇಡಿ. ರಾತ್ರಿ 9ಕ್ಕೆ ಆಫ್ ಎಂಬುದು ಗಟ್ಟಿಯಾಗಲಿ. ಇಂಥ ಆಟದಲ್ಲಿ ಒಂದು ಯುದ್ಧ ಹತ್ತು-ಹದಿನೈದು ನಿಮಿಷ, ನಡುವೆ ಎದ್ದರೆ ಜೊತೆಗಾರರಿಗೆ ತೊಂದರೆ. ಆದ್ದರಿಂದ "8:45ರ ಮೇಲೆ ಹೊಸ ಯುದ್ಧ ಶುರು ಮಾಡುವಂತಿಲ್ಲ" ಎಂದು ಹೇಳಿ. ಈ ನಿಯಮವನ್ನು ಅವನು ಒಪ್ಪುತ್ತಾನೆ, ಯಾಕೆಂದರೆ ಅದು ಆಟ ತಿಳಿದವರು ಮಾಡಿದ ನಿಯಮ. ಮತ್ತೆ ಒಂದು ಸಂಜೆ ಅವನ ಪಕ್ಕ ಕೂತು, "ಈ ಚಕ್ರ ಯಾಕೆ ಇಲ್ಲಿಟ್ಟೆ?" ಎಂದು ಕೇಳಿ. ಉತ್ತರ ಇದ್ದರೆ ಅವನು ಕಟ್ಟುವುದನ್ನು ಕಲಿಯುತ್ತಿದ್ದಾನೆ. ಉತ್ತರ ಇಲ್ಲದಿದ್ದರೆ ಕೊಳ್ಳುವುದನ್ನು ಮಾತ್ರ ಕಲಿಯುತ್ತಿದ್ದಾನೆ. ಏನು ಹೇಳಿದ ಎಂದು ನನಗೆ ಬರೆಯಿರಿ.

ಪ್ರಶ್ನೆ: ಸರ್, ಆಟದಲ್ಲಿ ರೋಬೋ ಕಟ್ಟಿ ಕಟ್ಟಿ ಅಭ್ಯಾಸ ಇದೆ. ಈ ವರ್ಷ ಗೆಳೆಯರು ಸೇರಿ ನಿಜವಾದ ರೋಬೋವಾರ್‌ಗೆ 15 ಕೆ.ಜಿ. ರೋಬೋ ಮಾಡ್ತಿದ್ದೀವಿ. ಆಟದಲ್ಲಿ ಕಲಿತದ್ದು ಎಷ್ಟು ಉಪಯೋಗ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಬಹಳ ಖುಷಿಯಾಯಿತು. ಮುಂಬಯಿ ಐಐಟಿಯ ಟೆಕ್‌ಫೆಸ್ಟಿನಲ್ಲಿ ಅಂತರರಾಷ್ಟ್ರೀಯ ರೋಬೋವಾರ್ ನಡೆಯುತ್ತದೆ, ಹೊರದೇಶದ ತಂಡಗಳೂ ಬರುತ್ತವೆ. ನಿಮ್ಮ ಗುರಿ ಅದೇ ಇರಲಿ.

ಉಪಯೋಗಕ್ಕೆ ಬರುವುದು: ತೂಕದ ಬಜೆಟ್ಟು ಮಾಡುವ ಶಿಸ್ತು, ಒಂದು ಕೀಲು ಹೋದರೆ ಇನ್ನೊಂದು ಹಿಡಿಯುವಂತೆ ಯೋಚಿಸುವುದು, ಮಗುಚಿದರೂ ಓಡುವ ಮೈ ಕಟ್ಟುವುದು. ಉಪಯೋಗಕ್ಕೆ ಬಾರದ್ದು ಒಂದೇ, ಆದರೆ ಅದೇ ದೊಡ್ಡದು. ಆಟದಲ್ಲಿ ಕೀಲು ಸಡಿಲಾಗುವುದಿಲ್ಲ, ಇದ್ದರೆ ಪೂರ್ತಿ ಇದೆ, ಹೋದರೆ ಪೂರ್ತಿ ಹೋಯಿತು. ವರ್ಕ್‌ಶಾಪಿನಲ್ಲಿ ಸಡಿಲಾಗುವುದೇ ಮೊದಲ ರೋಗ. ತಿರುಗುವ ಆಯುಧದ ನಡುಕಕ್ಕೆ ಎಂಥ ನಟ್ಟೂ ಬಿಚ್ಚಿಕೊಳ್ಳುತ್ತದೆ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಹಾಕಿ. ಅದು ಹಾಕಲಾಗದ ಕಡೆ ಥ್ರೆಡ್ ಲಾಕರ್ ಅಂಟು ಹಾಕಿ. ಪ್ರತಿ ಬೋಲ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಯುದ್ಧದಿಂದ ಬಂದ ಮೇಲೆ ಗೆರೆ ಮುರಿದಿದ್ದರೆ ನಟ್ಟು ಅಲುಗಿದೆ ಎಂದರ್ಥ. ಸ್ಪ್ಯಾನರ್ ಹಿಡಿದು ಎಲ್ಲವನ್ನೂ ತಿರುಗಿಸಿ ನೋಡುತ್ತಾ ಕೂರಬೇಕಿಲ್ಲ, ಕಣ್ಣಿಗೇ ಕಾಣುತ್ತದೆ.

ಆಯುಧದ ಶಕ್ತಿಯ ಲೆಕ್ಕ ಬರೆದುಕೊಳ್ಳಿ. 1 ಕೆ.ಜಿ. ತೂಕದ, 10 ಸೆಂ.ಮೀ. ತ್ರಿಜ್ಯದ ಉಕ್ಕಿನ ಬಿಲ್ಲೆ ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಅದರಲ್ಲಿ ಸುಮಾರು 1,000 ಜೂಲ್ ಶಕ್ತಿ ಇರುತ್ತದೆ. 10 ಕೆ.ಜಿ. ಅಕ್ಕಿ ಚೀಲವನ್ನು 10 ಮೀಟರ್ ಎತ್ತರದಿಂದ ಬಿಟ್ಟರೆ ನೆಲಕ್ಕೆ ಬೀಳುವ ಪೆಟ್ಟೂ ಅಷ್ಟೇ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದು ಎದುರಾಳಿಗೆ ಮಾತ್ರ ತಿಳಿಯುವ ಲೆಕ್ಕವಲ್ಲ, ನಿಮ್ಮ ಬೆರಳಿಗೂ ತಿಳಿಯುತ್ತದೆ. ಅಡ್ಡ ಬೀಗ ಹಾಕದೆ, ಬ್ಯಾಟರಿ ಕೊಂಡಿ ತೆಗೆಯದೆ ಆಯುಧದ ಹತ್ತಿರ ಕೈ ಒಯ್ಯಬೇಡಿ. ಇನ್ನೊಂದು: ಗಾಡಿಯ ಚಕ್ರದಂತೆ ನೆಟ್ಟಗೆ ನಿಂತು ತಿರುಗುವ ಬಿಲ್ಲೆ ಇದ್ದಾಗ ರೋಬೋವನ್ನು ಗಕ್ಕನೆ ತಿರುಗಿಸಿದರೆ ಒಂದು ಕಡೆಯ ಚಕ್ರ ಮೇಲೇಳುತ್ತದೆ. ಬುಗುರಿ ತನ್ನ ಅಚ್ಚು ಬಿಡಲು ಒಪ್ಪುವುದಿಲ್ಲವಲ್ಲ, ಅದೇ ಹಠ. ಚಕ್ರಗಳನ್ನು ಅಗಲಕ್ಕೆ ಇಡಿ.

ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಸೆಲ್ಲು 4.2 ವೋಲ್ಟ್ ಮೀರಬಾರದು. ಚಾರ್ಜಿಗೆ ಇಟ್ಟು ಟೀ ಕುಡಿಯಲು ಹೋಗಬಾರದು. ಊದಿಕೊಂಡ ಬ್ಯಾಟರಿಯನ್ನು ಇನ್ನೊಂದು ಯುದ್ಧಕ್ಕೆ ಸಾಕು ಎಂದು ಇಟ್ಟುಕೊಳ್ಳಬಾರದು. ಒಂದು ವರ್ಕ್‌ಶಾಪಿನಲ್ಲಿ ಅಂಥದಕ್ಕೆ ಬೆಂಕಿ ಹೊತ್ತಿ, ಮೇಜಿನ ಹಲಗೆ ಸುಟ್ಟು ಕರಕಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹುಡುಗರು ಹೊರಗಿದ್ದರು. ಹತ್ತಿರದಲ್ಲಿ ಒಣ ಮರಳಿನ ಬಕೆಟ್ಟು ಇರಲೇಬೇಕು.

ಪ್ರಶ್ನೆ: ನೀವು ಕಟ್ಟಿದ ರೋಬೋಗಳಲ್ಲಿ ನಿಮಗೆ ಅತಿ ಇಷ್ಟದ್ದು ಯಾವುದು? ಸರ್ವರ್ ನಿಂತ ಮೇಲೆ ಅದೆಲ್ಲ ಹೋಯಿತಲ್ಲ, ಬೇಜಾರಿಲ್ಲವೇ?
— ನಿವೃತ್ತ ಅಂಚೆ ನೌಕರ, ಭದ್ರಾವತಿ

ಹೋರಿಯೇ. ಮೊದಲ ಹೋರಿಗೆ ನಾಲ್ಕು ಚಕ್ರ, ಕೊನೆಯದಕ್ಕೆ ಎಂಟು. ನಡುವೆ ಇಪ್ಪತ್ತಕ್ಕೂ ಹೆಚ್ಚು ಸಲ ಬಿಚ್ಚಿ ಕಟ್ಟಿದ್ದೇನೆ. ಕೊಂಬಿನ ಹಾಗೆ ಮುಂದಕ್ಕೆ ಚಾಚಿದ ಎರಡು ಸಾಲು ಕ್ಯೂಬು ಅದಕ್ಕೆ ಇತ್ತು. ನೋಡಿದವರು ಅಲಂಕಾರ ಎಂದುಕೊಳ್ಳುತ್ತಿದ್ದರು. ಅದು ಅಲಂಕಾರವಲ್ಲ. ಎದುರಾಳಿಯ ಮೊದಲ ಗುಂಡು ಕೊಂಬಿಗೆ ಬೀಳಲಿ, ಅಷ್ಟರಲ್ಲಿ ಅವನು ಎಲ್ಲಿದ್ದಾನೆಂದು ನನಗೆ ಗೊತ್ತಾಗಲಿ ಎಂದು. ಕೊಂಬಿಗೆ ಮೈಯೊಂದಿಗೆ ಒಂದೇ ಕೊಂಡಿ. ಹೋದರೆ ಅದೊಂದೇ ಹೋಗಬೇಕು, ಪೆಟ್ಟನ್ನು ಒಳಗೆ ತರಬಾರದು. ಬೇರೆಲ್ಲ ಕಡೆ ಎರಡೆರಡು ದಾರಿ ಕಟ್ಟಿ, ಅಲ್ಲಿ ಮಾತ್ರ ಒಂದೇ ಬಿಟ್ಟಿದ್ದೆ.

ಬೇಜಾರು ಆಯಿತು. ಆ ರಾತ್ರಿ ಮಗಳು ಪುಣೆಯಿಂದ ಫೋನ್ ಮಾಡಿ, "ಅಪ್ಪಾ, ನಿನ್ನ ಹೋರಿ?" ಎಂದಳು. ಗ್ರಾಫ್ ಪುಸ್ತಕ ಇದೆ ಎಂದೆ. ನಾಲ್ಕು ಪುಸ್ತಕ, ಮೂರರಲ್ಲಿ ಹೋರಿಯೇ. ಹೋದ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಹುಡುಗ ಅದರಲ್ಲಿ ಒಂದನ್ನು ನೋಡಿ, ಪುಟ ಎಣಿಸಿ, ಒಂದು ಅಂಗುಲದ ಮರದ ತುಂಡು ಕತ್ತರಿಸಿ, ಫೆವಿಕಾಲ್ ಹಾಕಿ ಹದಿಮೂರು ಅಂತಸ್ತಿನ ಹೋರಿ ಕಟ್ಟಿದ್ದಾನೆ. ಎಡಗಡೆ ಒಂದು ಕೊಂಡಿ ತಪ್ಪಿಸಿದ್ದ. ಎತ್ತಿದಾಗ ಚಕ್ರ ಕಳಚಿ ಬಿತ್ತು. ಕೆಂಪು ಪೆನ್ಸಿಲಿನ ಚೌಕ ತೋರಿಸಿದೆ, ಸರಿ ಮಾಡಿಕೊಂಡ.

ಹೋರಿಯ ನಕ್ಷೆ ಬೇಕೆಂದವರು ಸ್ವವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ದೊಡ್ಡ ಲಕೋಟೆಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಹದಿಮೂರು ಪುಟದ ಜೆರಾಕ್ಸ್ ಹಿಡಿಯುವಷ್ಟು ದೊಡ್ಡದಿರಲಿ. ಜೆರಾಕ್ಸಿನಲ್ಲಿ ಕೆಂಪು ಬಣ್ಣ ಬರುವುದಿಲ್ಲ, ಆ ಚೌಕಗಳಿಗೆ ನಾನೇ ಕೈಯಾರೆ ಬಣ್ಣ ಹಾಕಿ ಕಳಿಸುತ್ತೇನೆ.